ಅತ್ತೆಯ ಕಾರಿಗೆ ಅಗಲದ ಟೈರು

ನನ್ನ ಅತ್ತೆಯನ್ನು ಹೊರಗಿನವರಿಗೆ ಪರಿಚಯ ಮಾಡಿಕೊಡುವಾಗ ನಾನು ಬಹಳ ವರ್ಷ "ಇವರು ನಮ್ಮ ಯಜಮಾನರ ತಾಯಿ" ಎಂದೇ ಹೇಳುತ್ತಿದ್ದೆ. ಸುಳ್ಳೇನಲ್ಲ, ಆದರೆ ಸಂಬಂಧವನ್ನು ಇಕ್ಕಳದಲ್ಲಿ ಹಿಡಿದು ದೂರ ಇಟ್ಟ ಹಾಗಿರುತ್ತಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಮೈದಾ ಜರಡಿ ಹಿಡಿಯುವುದನ್ನು ನೋಡಿ, ಮನೆ ಕಟ್ಟಿಸೋಕೆ ಮರಳು ಸೋಸ್ತಿದ್ದೀಯೇನಮ್ಮ ಎಂದು ಅವರು ಕೇಳಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅಂದಿನಿಂದ ಆ ಜರಡಿಯನ್ನು ನಾನು ಮುಟ್ಟಿರಲಿಲ್ಲ. ನನಗೂ ಮೂಗಿನ ತುದಿಯಲ್ಲೇ ಕೋಪ. ಒಟ್ಟಿನಲ್ಲಿ ನಮ್ಮಿಬ್ಬರದು ಎಣ್ಣೆ ಸೀಗೆಕಾಯಿ.

ಅತ್ತೆಯ ಕಸುಬು ಕೇಕು ಮಾಡುವುದು. ಅಂಗಡಿಯಿಲ್ಲ, ಬೋರ್ಡಿಲ್ಲ, ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಅಲ್ಲಿ ಒಂದು ಓವನ್, ಒಂದು ಫ್ರಿಜ್, ಕಿಟಕಿಯ ಪಕ್ಕ ಒಂದು ಮೇಜು. ಮೇಜು ಮಾಡಿದವರು ಮಾವ, ಅವರು ಬಡಗಿ. ಅತ್ತೆ ನಿಂತು ಮೊಣಕೈ ಊರಿದರೆ ಬೆನ್ನು ಬಾಗಬಾರದು, ಭುಜ ಏಳಬಾರದು, ಹಾಗೆ ಅಳೆದು ಮಾಡಿದ ಮೇಜು. ಬೇರೆ ಯಾರು ಅದರ ಮುಂದೆ ನಿಂತರೂ ಹೊಂದುವುದಿಲ್ಲ. ಗಿಡ್ಡಿಯಾದ ನನಗಂತೂ ಅದು ಎದೆಮಟ್ಟ ಬರುತ್ತದೆ. ಮದುವೆಗೋ ಹುಟ್ಟುಹಬ್ಬಕ್ಕೋ ಒಂದರ ಮೇಲೊಂದು ಅಂತಸ್ತು ಏರಿಸಿದ ಕೇಕು ಬೇಕೆಂದರೆ ಜನ ಹುಡುಕಿಕೊಂಡು ಬರುವುದು ಈ ಕೋಣೆಗೇ.

ಕೇಕು ಹೊರುವುದು ಅವರ ಪುಟ್ಟ ಕಾರು. ಹಿಂದಿನ ಸೀಟಿನ ಒಂದು ಭಾಗ ಮಡಚಿ ಮಾವ ಅಲ್ಲಿ ಹಲಗೆ ಕೂರಿಸಿದ್ದಾರೆ. ಉಳಿದ ಜಾಗದಲ್ಲಿ ಒಬ್ಬರು ಮುದುಡಿಕೊಂಡು ಕೂರಬಹುದು, ಆ ಒಬ್ಬರು ನಾನು. ಓಡಿಸುವುದು ಅತ್ತೆಯೇ. ಹಲಗೆಯ ಮೇಲೆ ಕೇಕಿದ್ದರೆ ಸೈಕಲ್ಲಿನವರೂ ನಮ್ಮನ್ನು ಹಿಂದೆ ಹಾಕುತ್ತಾರೆ. ಹಿಂದಿನ ಗಾಡಿಗಳು ಎಷ್ಟೇ ಹಾರ್ನ್ ಹೊಡೆಯಲಿ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಸೊಸೆಯ ಬಾಯಲ್ಲಿ ಈ ಮಾತು ಬರಬಾರದು, ಆದರೂ ಬಂತು.

ಮೊದಲೆಲ್ಲ ಅಂತಸ್ತುಗಳನ್ನು ಬೇರೆ ಬೇರೆ ಡಬ್ಬದಲ್ಲಿ ಒಯ್ದು ಸಭಾಂಗಣದಲ್ಲೇ ಜೋಡಿಸುತ್ತಿದ್ದರು. ಹೋದ ವರ್ಷ ಅವರ ಕೈ ನಡುಗಲು ಶುರುವಾಯಿತು. ಡಾಕ್ಟರು ನೋಡಿ, ರೋಗವೇನಲ್ಲ, ವಯಸ್ಸಿನ ನಡುಕ, ಕಾರು ಓಡಿಸಲು ಅಡ್ಡಿಯಿಲ್ಲ ಎಂದರು. ಮನೆಯ ಮೇಜಿಗೆ ಮೊಣಕೈ ಊರಿದರೆ ನಡುಕ ನಿಲ್ಲುತ್ತಿತ್ತು. ಆದರೆ ಸಭಾಂಗಣದ ಮೇಜುಗಳನ್ನು ಅತ್ತೆಯ ಮೊಣಕೈ ನೋಡಿ ಯಾರು ಮಾಡಿಸುತ್ತಾರೆ? ಒಂದು ಮದುವೆಯಲ್ಲಿ ನೆಂಟರೆಲ್ಲ ಸುತ್ತ ನಿಂತು ನೋಡುತ್ತಿದ್ದಾಗ, ಮೇಲಿನ ಅಂತಸ್ತು ಇಡಲು ಹೋಗಿ ಅವರ ಹೆಬ್ಬೆರಳು ಕೆನೆಯೊಳಗೆ ಇಳಿಯಿತು. ಆ ಗುಳಿಯ ಮೇಲೆ ಸಕ್ಕರೆಯ ಹೂವೊಂದನ್ನು ಕೂರಿಸಿ ನಕ್ಕರು. ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದರು.

"ಇನ್ಮೇಲೆ ಮನೇಲೇ ಜೋಡಿಸಿದ ಕೇಕನ್ನ ನಿಂತ ಹಾಗೇ ತಗೊಂಡು ಹೋಗ್ಬೇಕು. ಆಗಲ್ಲ ಅಂದ್ರೆ ಈ ಕೆಲಸ ಸಾಕು."

ಅತ್ತೆ ಬಾಯಿಮಾತಿಗೆ ಏನನ್ನೂ ಹೇಳುವವರಲ್ಲ. ಕೇಕು ಬಿಟ್ಟ ಅತ್ತೆ ಕಿಟಕಿಯ ಪಕ್ಕ ಸುಮ್ಮನೆ ಕೂತಿರುವುದನ್ನು ಊಹಿಸಿಕೊಂಡರೆ ನನಗೇ ಸರಿಬರಲಿಲ್ಲ. ಜಗಳವಾಡುವುದಕ್ಕಾದರೂ ಎದುರಿಗೆ ಗಟ್ಟಿ ಆಳು ಬೇಕಲ್ಲ.

ಅಲಂಕಾರವಿಲ್ಲದ ಒಂದು ಪರೀಕ್ಷೆಯ ಕೇಕು ಕಟ್ಟಿಕೊಂಡು ಹೊರಟೆವು. ನಮ್ಮ ಬೀದಿ ದಾಟಿ ವೃತ್ತ ಸುತ್ತುವಾಗ ಕಾರು ಒಂದು ಪಕ್ಕಕ್ಕೆ ಓಲಾಡಿತು. ಮೇಲಿನ ಅಂತಸ್ತು ತೂಕಡಿಸುವವನ ತಲೆಯಂತೆ ಮೆಲ್ಲಗೆ ವಾಲಿ ನನ್ನ ತೊಡೆಯ ಮೇಲೆ ಮಲಗಿತು. ಅದನ್ನು ನಾವು ವಾರವಿಡೀ ತಿಂದೆವು, ಅಕ್ಕಪಕ್ಕದವರಿಗೂ ತಿನ್ನಿಸಿದೆವು. ಮಾವ ಕಾರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಟೈರು ಮುಟ್ಟಿ ನೋಡಿದರು. ಸವೆದು ನುಣ್ಣಗಾಗಿದ್ದವು, ಹೇಗೂ ಬದಲಾಯಿಸಬೇಕಿತ್ತು. ಬದಲಾಯಿಸುವುದಾದರೆ ಕಾರು ನೆಲ ಕಚ್ಚಿಕೊಂಡು ಹೋಗುವಂಥ ಅಗಲದ ಟೈರು ಹಾಕೋಣ ಎಂದರು ಅತ್ತೆ.

ಅಲ್ಲಿಂದ ಮನೆಯಲ್ಲಿ ಎತ್ತು ಏರಿಗೆಳೆದರೆ ಕೋಣ ನೀರಿಗೆ. ನನ್ನ ಗಂಡನಿಗೆ ಚಕ್ರವನ್ನೇ ಬದಲಾಯಿಸಿ ದೊಡ್ಡ ಹೊಳೆಯುವ ಚಕ್ರ ಹಾಕಿಸುವ ಆಸೆ. ಕಾರಿಗೆ ಹುಟ್ಟಿನಿಂದ ಬಂದ ಚಕ್ರ ಚೆನ್ನಾಗೇ ಇದೆ, ಅದಕ್ಕೆ ಒಪ್ಪುವ ಟೈರು ಸಾಕು, ನಾನು ಕೇಕು ಮಾರೋಳು, ಮೆರವಣಿಗೆ ಹೊರಡೋಳಲ್ಲ ಎಂದು ಅತ್ತೆ ಅವನ ಬಾಯಿ ಮುಚ್ಚಿಸಿದರು. ಮಾವ ಮಾತ್ರ ನನ್ನನ್ನು ಹಿತ್ತಲಿಗೆ ಕರೆದು, ಟೈರು ಅಗಲವಾದರೆ ಸ್ಟೀರಿಂಗ್ ಭಾರವಾಗುತ್ತದೆ, ಆ ಕೈಗೆ ಅದು ತಡೆಯುತ್ತದೆಯೇ ಎಂದು ಪಿಸುಗುಟ್ಟಿದರು. ಅತ್ತೆಯ ಎದುರು ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಟೈರು ಅಂಗಡಿಯವನನ್ನು ಬೀದಿಯವರೆಲ್ಲ ಗಾಳಿಯಣ್ಣ ಎನ್ನುತ್ತಾರೆ. ಕೆಲಸ ಬಲ್ಲವನು. ಈ ಚಕ್ರದ ಅಂಚು ಕಿರಿದು, ಇಂತಿಷ್ಟಕ್ಕಿಂತ ಅಗಲದ ಟೈರನ್ನು ಅದು ಹಿಡಿಯುವುದಿಲ್ಲ, ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕು ಎಂದ. ಅತ್ತೆಗೆ ಅದು ಒಪ್ಪಿಗೆಯಾಯಿತು. ಹಳೆಯ ಟೈರಿನ ಪಕ್ಕೆಯ ಮೇಲೆ ಮೊದಲ ಸಂಖ್ಯೆ ನೂರೈವತ್ತೈದು, ಎರಡನೆಯದು ಎಂಬತ್ತು ಎಂದಿತ್ತು. ಮೊದಲನೆಯದು ಅಗಲ, ಎರಡನೆಯದು ಎತ್ತರ ಎಂದುಕೊಂಡ ಅತ್ತೆ, ಅಗಲ ನೂರೆಪ್ಪತ್ತೈದು ಇರಲಿ, ಎತ್ತರ ಮಾತ್ರ ಬದಲಾಗಬಾರದು, ಎಂಬತ್ತೇ ಕೊಡು ಎಂದರು. ಎಂಬತ್ತು ಎಂದರೆ ಅಗಲದ ನೂರಕ್ಕೆ ಎಂಬತ್ತು ಪಾಲು, ಅಗಲ ಹೆಚ್ಚಿದರೆ ಎತ್ತರವೂ ಬೆಳೆಯುತ್ತದೆ, ಎಪ್ಪತ್ತರದು ತಗೊಳ್ಳಿ ಎಂದು ಗಾಳಿಯಣ್ಣ ತಿಳಿಸಿ ಹೇಳಿದ. ಅತ್ತೆ ಕೇಳಲಿಲ್ಲ, ಎಂಬತ್ತು ಅಂದ್ರೆ ಎಂಬತ್ತು ಎಂದರು. ಅವನು ಅವರು ಹೇಳಿದ್ದನ್ನೇ ಹಾಕಿ, ಅಂಗಳದಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ತೋರಿಸಿದ. ಟೈರು ಎಲ್ಲೂ ತಾಗಲಿಲ್ಲ. ಅತ್ತೆ ನನ್ನ ಕಡೆ ನೋಡಿದ ನೋಟದಲ್ಲಿ ಗೆದ್ದವರ ಬಿಗುಮಾನವಿತ್ತು.

ಎಡವಟ್ಟಾದದ್ದು ಅಲ್ಲೇ. ಅಂಗಳದಲ್ಲಿ ಕಾರು ಖಾಲಿ ಇತ್ತು. ಆದರೆ ನಮ್ಮ ಕಾರು ಖಾಲಿ ಓಡಿದ್ದನ್ನು ಕಂಡವರಿಲ್ಲ. ಹಲಗೆ, ಕೇಕು, ನಾನು, ಮುಂದೆ ಮಾವ, ಅವರ ಹೊಟ್ಟೆ, ಜೊತೆಗೆ ದಾರಿಯಲ್ಲಿ ಕೊಂಡ ಮೈದಾ ಮೂಟೆ, ಇಷ್ಟೂ ಸೇರಿದರೇ ಅದು ನಮ್ಮ ಕಾರು. ಎರಡನೆಯ ಪರೀಕ್ಷೆಯ ಕೇಕಿನೊಂದಿಗೆ ವೃತ್ತ ಸುತ್ತುವಾಗ ಹಿಂದಿನ ಚಕ್ರದ ಮೇಲಿಂದ ಗರಗರ ಸದ್ದು ಬಂತು. ಕಾರು ಮೊದಲಿನಂತೆಯೇ ಓಲಾಡಿತು. ಕೇಕು ಮೊದಲಿನಂತೆಯೇ ನನ್ನ ತೊಡೆಗೆ ಬಂತು.

ಮನೆಗೆ ಬಂದ ಮೇಲೆ ಮಾವ, ಮರದ ಮೇಲೆ ಗೆರೆ ಹೊಡೆಯುವ ತಮ್ಮ ನೀಲಿ ಸುಣ್ಣದ ಪುಡಿಯನ್ನು ಟೈರುಗಳ ಅಂಚಿಗೆ ಸವರಿದರು. ಮನೆಮಂದಿಯನ್ನೆಲ್ಲ ಕಾರಿಗೆ ತುಂಬಿ, ಬೀದಿಯ ಉಬ್ಬಿನ ಮೇಲೆ ಹತ್ತಿಸಿ ಇಳಿಸಿದರು. ಚಕ್ರದ ಮೇಲಿನ ತಗಡಿನ ಒಳಗೆ ನೀಲಿ ಗೀರು ಸ್ಪಷ್ಟವಾಗಿ ಮೂಡಿತ್ತು. ಅತ್ತೆ ಬಗ್ಗಿ ಅದನ್ನು ನೋಡಿದರು. ಆಮೇಲೆ ಒಳಗೆ ಹೋಗಿ, ಮುರಿದ ಕೇಕಿನ ಮುಂದೆ ಮೊಣಕೈ ಊರಿ ಬಹಳ ಹೊತ್ತು ನಿಂತರು. ಆವತ್ತು ಅವರು ಆ ಕೆಲಸ ಬಿಟ್ಟೇಬಿಡುತ್ತಾರೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಅವರು ನನ್ನನ್ನೂ ಕರೆದುಕೊಂಡು ಹೊರಟರು. ಅಂಗಡಿಯಲ್ಲಿ ಲಾರಿಯವರು, ಸ್ಕೂಟರಿನವರು ತುಂಬಿದ್ದರು. ಮದುವೆಯಾದಂದಿನಿಂದ ನಾನು ಅತ್ತೆಯ ಬಾಯಲ್ಲಿ ಕೇಳದ ಮಾತನ್ನು ಅಷ್ಟು ಜನರ ಎದುರು, ಗಾಳಿಯಣ್ಣನ ಮುಖ ನೋಡಿ ಹೇಳಿದರು.

"ತಪ್ಪು ನಂದೇ ಕಣಪ್ಪ. ಎತ್ತರದ ಕೇಕು ವಾಲುತ್ತೆ, ತಗ್ಗಿದ್ದು ಕೂರುತ್ತೆ. ಜೀವಮಾನವೆಲ್ಲ ಇದನ್ನೇ ಮಾಡಿ, ಟೈರಿನ ಹತ್ತಿರ ಬಂದಾಗ ಮರೆತೆ. ನೀನು ಹೇಳಿದ್ದನ್ನೇ ಹಾಕು."

ಅವನು ಗೆದ್ದವನಂತೆ ನಗಲಿಲ್ಲ. ಆ ಟೈರುಗಳು ಬೇರೆ ಗಾಡಿಗೆ ಬರುತ್ತವೆ ಬಿಡಿ ಎಂದು ನಾಲ್ಕನ್ನೂ ವಾಪಸು ತೆಗೆದುಕೊಂಡು, ಅಷ್ಟೇ ಅಗಲದ, ಪಕ್ಕೆ ತಗ್ಗಿದ ಟೈರು ಹಾಕಿದ. ನೆಲದಿಂದ ಅಳೆದರೆ ಹಳೆಯ ಟೈರಿನಷ್ಟೇ ಎತ್ತರ ಬಂತು. ತಪ್ಪನ್ನು ಹೀಗೆ ತಲೆಯೆತ್ತಿಕೊಂಡು ಒಪ್ಪುವವರನ್ನು ನಾನು ಅದುವರೆಗೆ ನೋಡಿರಲಿಲ್ಲ. ನಿಜ ಹೇಳುತ್ತೇನೆ, ಹೆಮ್ಮೆಯಾಯಿತು.

ಮತ್ತೆ ನೀಲಿ ಪುಡಿ, ಮತ್ತೆ ಮನೆಮಂದಿ, ಮತ್ತೆ ಅದೇ ಉಬ್ಬು. ಈ ಸಲ ತಗಡಿನೊಳಗೆ ಒಂದು ಚುಕ್ಕೆಯೂ ಇರಲಿಲ್ಲ. ಮೂರನೆಯ ಪರೀಕ್ಷೆಯ ಕೇಕು ತಿನ್ನುವ ತ್ರಾಣ ಮನೆಯಲ್ಲಿ ಯಾರಿಗೂ ಉಳಿದಿರಲಿಲ್ಲ. ನೇರವಾಗಿ ನಿಜವಾದ ಕೇಕನ್ನೇ ಹೊತ್ತೆವು.

ಅದು ಗುಡ್ಡದ ಮೇಲಿನ ಸಭಾಂಗಣದ ಮದುವೆ. ದಾರಿ ತುಂಬ ತಿರುವು. ಬಿಳಿಯ ಕೆನೆ, ಮೂರು ಅಂತಸ್ತು, ತುದಿಯಲ್ಲಿ ಸಕ್ಕರೆಯ ಬಳ್ಳಿ, ಎಲ್ಲವನ್ನೂ ಅತ್ತೆ ಮನೆಯ ಮೇಜಿನ ಮೇಲೇ ಮುಗಿಸಿದ್ದರು. ಅವರು ಇದಕ್ಕಿಂತ ಒಳ್ಳೆಯ ಕೇಕು ಮಾಡಿದ್ದನ್ನು ನಾನು ಕಂಡಿಲ್ಲ. ಇದು ಬಿದ್ದರೆ ಇದೇ ಕೊನೆಯದು ಎಂದು ಮೂವರಿಗೂ ಗೊತ್ತಿತ್ತು.

ವೃತ್ತದಲ್ಲಿ ನಾನು ಎರಡೂ ಕೈ ಚಾಚಿ ಕಾದೆ. ಕಾರು ಓಲಾಡಲಿಲ್ಲ. ಕೇಕು ನಿಂತೇ ಇತ್ತು. ಗುಡ್ಡ ಹತ್ತುವಾಗ ಮೊದಲ ತಿರುವು ಬಂತು. ಮಾವ ಕೇಕನ್ನು ನೋಡುತ್ತಿರಲಿಲ್ಲ, ಅತ್ತೆಯ ಕೈಯನ್ನು ನೋಡುತ್ತಿದ್ದರು. ನಾನೂ ನೋಡಿದೆ. ಸ್ಟೀರಿಂಗ್ ಭಾರವಾಗಿದ್ದು ನಿಜ. ತಿರುಗಿಸಲು ಅವರು ಭುಜ ಕೊಡಬೇಕಾಗುತ್ತಿತ್ತು. ಆದರೆ ಆ ಭಾರಕ್ಕೆ ಒರಗಿದ ಕೈಗಳು ನಡುಗುತ್ತಿರಲಿಲ್ಲ. ಮನೆಯ ಮೇಜಿಗೆ ಊರಿದಾಗ ಹೇಗೆ ಸುಮ್ಮನಾಗುತ್ತಿದ್ದವೋ ಹಾಗೇ ಸುಮ್ಮನಾಗಿದ್ದವು. ನಾವು ಯಾವುದಕ್ಕೆ ಹೆದರಿದ್ದೆವೋ ಅದೇ ಅವರಿಗೆ ಆಸರೆಯಾಗಿತ್ತು. ಮಾವ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿಕೊಂಡರು.

"ರಸ್ತೆ ನೋಡ್ರೀ," ಎಂದರು ಅತ್ತೆ. "ಓಡಿಸ್ತಿರೋಳು ನಾನು ಅಂತ ನೀವು ಕಣ್ಣು ಮುಚ್ಕೊಂಡ್ರೆ ಹೇಗೆ?"

ಸಭಾಂಗಣದಲ್ಲಿ ಇಬ್ಬರು ಆಳುಗಳು ಹಲಗೆಸಮೇತ ಕೇಕನ್ನು ಒಳಗೆ ಒಯ್ದರು. ಉಸ್ತುವಾರಿಯವನು ಬಂದು ಸುತ್ತ ನೋಡಿ, ಹೀಗೇ ನಿಲ್ಲಿಸಿಕೊಂಡು ಗುಡ್ಡ ಹತ್ತಿಸಿದಿರಾ ಎಂದು ಬೆರಗಾದ. ವಯಸ್ಸಿನಲ್ಲಿ ಚಿಕ್ಕವಳು ನಾನಾದ್ದರಿಂದ ಕೇಕಿನವಳು ನಾನೇ ಎಂದುಕೊಂಡು, ಬಾಗಿಲ ಬಳಿ ನಿಂತಿದ್ದ ಹಿರಿಯರು ಯಾರು ಎಂದು ಕೇಳಿದ.

"ಅವ್ರು ನಮ್ಮತ್ತೆ," ಎಂದೆ. "ಕೇಕು ಮಾಡಿದ್ದೂ ಅವ್ರೇ, ಕಾರು ಓಡಿಸಿದ್ದೂ ಅವ್ರೇ."

ಅತ್ತೆಗೆ ಕೇಳಿಸಿತು. ಆದರೂ ಕೇಳಿಸದವರಂತೆ ಸೆರಗಿನಿಂದ ಕಾರಿನ ಕೀಲಿ ಒರೆಸುತ್ತಿದ್ದರು. ಇಳಿಯುವ ದಾರಿಯಲ್ಲಿ, ಕೊನೆಯ ತಿರುವು ಕಳೆದ ಮೇಲೆ, ಹಿಂದಕ್ಕೆ ನೋಡದೆಯೇ ಹೇಳಿದರು.

"ಬರೋ ತಿಂಗಳ ಮದುವೆ ಕೇಕಿಗೂ ಒಪ್ಕೊಂಡಿದ್ದೀನಿ. ಮೈದಾ ನೀನೇ ಜರಡಿ ಹಿಡಿ."