ತಾಳೆ ನೋಡದ ಪಟ್ಟಿ

ಹೋದ ವಾರ ಬಿಬವೇವಾಡಿಯ ಅಂಗಡಿಯೊಂದರಲ್ಲಿ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟ ಕಾಗದದ ಅಂಚಿಗೆ ಸಾಲಾಗಿ ತೂತುಗಳಿದ್ದವು. ಹಳೆಯ ಪ್ರಿಂಟರಿನ ಕಾಗದ. ಮೂಗಿನ ಹತ್ತಿರ ಹಿಡಿದೆ. ಮಸಿಯ ವಾಸನೆ ಇತ್ತೋ, ನನಗೇ ಹಾಗನಿಸಿತೋ... ಅಕ್ಕೋರು ನೆನಪಾದರು. ಅವರ ಕ್ಲಾಸಿನಲ್ಲಿ ಪಟ್ಟಿಗಳು ಅಚ್ಚಾಗುತ್ತಿದ್ದದ್ದು ಇಂಥ ಕಾಗದದ ಮೇಲೆಯೇ.

ಅಕ್ಕೋರು ಅಂದರೆ ನಮಗೆ ಕಂಪ್ಯೂಟರ್ ಕಲಿಸಿದವರು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಇದೇ ಮರಾಠಿ ಊರಿನ ಶಿವಾಜಿನಗರದ ಸಂಸ್ಥೆಯೊಂದರಲ್ಲಿ ರೋಗಿಗಳ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ನಿಭಾಯಿಸುವ ಕೋರ್ಸು. ನಾವೆಲ್ಲ ಜೀವಶಾಸ್ತ್ರ ಓದಿ ಬಂದವರು. ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಉಳಿದವರಿಗೆ ಅವರು ಮೇಡಂ. ನಾನು ಬಾಗಲಕೋಟೆ ಕಡೆಯವಳೆಂದು ತಿಳಿದ ದಿನ ಮರಾಠಿ ಬಿಟ್ಟು ಕನ್ನಡಕ್ಕೆ ಹೊರಳಿದರು. ಅಂದಿನಿಂದ ನನಗೆ ಅಕ್ಕೋರು. ಹಾಗಂತ ಸಲುಗೆ ಕೊಟ್ಟವರಲ್ಲ. ಕನ್ನಡದವಳೆಂದು ನನಗೇ ನಾಲ್ಕು ಬೈಗುಳ ಜಾಸ್ತಿ.

ಮೊದಲು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಿದ್ದವರು, ಅಲ್ಲಿಯ ರೂಢಿಯನ್ನೇ ಇಲ್ಲಿಗೂ ತಂದಿದ್ದರು. ಪಟ್ಟಿ ಮುಗಿದ ಮೇಲೆ ಒಬ್ಬರು ಕಾಗದದ ರಿಪೋರ್ಟನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಪರದೆ ನೋಡಬೇಕು, ಆಮೇಲೆ ವಹಿಯಲ್ಲಿ 'ತಾಳೆ ನೋಡಿದೆ' ಎಂದು ಸಹಿ ಹಾಕಬೇಕು. ಎಂಥ ಅಜ್ಜಿ ಕಾಲದ ಪದ್ಧತಿಯಪ್ಪಾ ಎಂದು ಅವರ ಬೆನ್ನ ಹಿಂದೆ ನಗುತ್ತಿದ್ದೆವು. ಎಲ್ಲರಿಗಿಂತ ಜಾಸ್ತಿ ನಕ್ಕವಳು ನಾನೇ. ವರ್ಷಗಟ್ಟಲೆ ಹಂಗಾಮಿಯಾಗಿ ದುಡಿದ ಅವರ ಕೆಲಸ ನಾನು ಹೇಳಹೊರಟಿರುವ ತಿಂಗಳ ಕೊನೆಗೆ ಕಾಯಂ ಆಗುವುದಿತ್ತು. ಅದಕ್ಕಾಗಿ ಅವರು ಎಷ್ಟು ಕಾದಿದ್ದರೆಂದು ನಮಗೆಲ್ಲ ಗೊತ್ತಿತ್ತು.

ಅದೇ ತಿಂಗಳು ಒಂದು ಆಸ್ಪತ್ರೆಯವರು ಸಕ್ಕರೆ ಕಾಯಿಲೆಯವರ ರಿಪೋರ್ಟುಗಳನ್ನು ಕೊಟ್ಟು, ಯಾರಿಗೆ ಏರಿದೆ, ಯಾರಿಗೆ ಹತೋಟಿಯಲ್ಲಿದೆ ಎಂದು ಪಟ್ಟಿ ಕೇಳಿದರು. ನನ್ನ ಪಾಲಿಗೆ ಮೂವತ್ತೊಂದು ಹೆಸರು. ಸಕ್ಕರೆಯ ಅಂಕಿಗಳನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿದೆ. ಅಂಕಿಗಳು ಮಾತ್ರ ಸರಿದವು. ಹೆಸರುಗಳು ಇದ್ದಲ್ಲೇ ಉಳಿದವು. ಒಬ್ಬರ ರಕ್ತ ಇನ್ನೊಬ್ಬರ ಹೆಸರಿಗೆ ಬಿತ್ತು. ನನ್ನ ಕಣ್ಣಿಗದು ಬೀಳಲಿಲ್ಲ. ಶನಿವಾರ, ಬಸ್ಸಿನ ಅವಸರ. ತಾಳೆ ನೋಡದೆಯೇ ಸಹಿ ಗೀಚಿ ಓಡಿದೆ.

ಆ ಸಹಿ ನಂಬಿ ಸೋಮವಾರ ಬೆಳಿಗ್ಗೆ ಪಟ್ಟಿ ಆಸ್ಪತ್ರೆಗೆ ಹೋಯಿತು. ಮಂಗಳವಾರ ಅಕ್ಕೋರು ಒಂದು ರಿಪೋರ್ಟು ತೆಗೆದು ನನ್ನ ಪಟ್ಟಿಯ ಪಕ್ಕ ಇಟ್ಟರು. ಇನ್ನೊಂದು ತೆಗೆದರು. ಮೂರನೆಯದೂ ತಾಳೆ ಆಗಲಿಲ್ಲ. ಪಟ್ಟಿ ನೋಡಿ ಆಸ್ಪತ್ರೆಯವರು ಆಗಲೇ ಮಂದಿಗೆ ಫೋನ್ ಮಾಡಿ ನಿಮಗೆ ಏರಿದೆ, ನಿಮಗೆ ಹತೋಟಿಯಲ್ಲಿದೆ ಎಂದು ಹೇಳಿಯಾಗಿತ್ತು. ಸಂಸ್ಥೆಯ ಮುಖ್ಯಸ್ಥರು, ತಿದ್ದಿದ ಪಟ್ಟಿ ಕಳಿಸಿ ಸುಮ್ಮನಾಗಿಬಿಡಿ, ಮುಂದಿನದು ಆಸ್ಪತ್ರೆಯ ಪಾಡು, ರೋಗಿಗಳ ತಂಟೆಗೆ ಹೋಗಬೇಡಿ ಎಂದರು. ಅಕ್ಕೋರು ಪಟ್ಟಿ ಕಳಿಸಿದರು. ಸುಮ್ಮನಾಗಲಿಲ್ಲ. ಫೋನನ್ನು ನನ್ನ ಮುಂದೆ ಎಳೆದಿಟ್ಟರು.

"ಒಬ್ಬೊಬ್ಬರಿಗೂ ನೀನ ಹೇಳು. ತಪ್ಪು ನಂದು ಅನ್ನು. ಕಂಪ್ಯೂಟರ್ ತಪ್ಪು ಅನಬ್ಯಾಡ."

ಒಬ್ಬರು ಬೈದರು, ಇನ್ನೊಬ್ಬರು ಪಾಪ ಸಮಾಧಾನ ಹೇಳಿದರು. ಅಕ್ಕೋರ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮೂವತ್ತು ಮುಗಿದವು. ಕೊನೆಯವಳು ಊರಾಚೆಯ ವಾಕಡದಲ್ಲಿ ಕಟ್ಟಡ ಕೆಲಸ ಮಾಡುವ ಯಾದಗಿರಿಯ ಹೆಣ್ಣುಮಗಳು. ಎಲ್ಲರಿಗಿಂತ ಸಕ್ಕರೆ ಏರಿದ್ದು ಅವಳಿಗೇ. ನನ್ನ ಪಟ್ಟಿಯಲ್ಲಿ ಅವಳು ಆರಾಮಾಗಿದ್ದಳು. ಕೊಟ್ಟ ನಂಬರು ಕಿರಾಣಿ ಅಂಗಡಿಯದು. ಯಾರೂ ಎತ್ತಲಿಲ್ಲ. ಮತ್ತೆ ಹಚ್ಚಿದೆ. ಮತ್ತೆ... ಅಕ್ಕೋರು ನೀರೂ ಕುಡಿಯದೆ ನನ್ನ ಹಿಂದೆ ನಿಂತೇ ಇದ್ದರು. ನಾಲ್ಕು ಗಂಟೆಗೆ ಅಂಗಡಿಯವನು ಎತ್ತಿ, ಅವಳನ್ನು ಕರೆತಂದ.

ನಾನು ಹೇಳುವುದನ್ನೆಲ್ಲ ಕೇಳಿ ಅವಳೆಂದಳು, "ಮತ್ತ ನಾ ನಿನ್ನೆಯಿಂದ ಗುಳಿಗಿ ಬಿಟ್ಟೇನಲ್ರೀ..."

ಅಕ್ಕೋರು ನನ್ನ ಕೈಯಿಂದ ಫೋನ್ ಇಸಿದುಕೊಂಡರು. "ಈಗಿಂದೀಗ ದವಾಖಾನಿಗೆ ಬರ್ರಿ ತಂಗಿ. ಬಾಗಿಲದಾಗ ನಾನ ನಿಂತಿರ್ತೀನಿ." ರಿಕ್ಷಾ ಹಿಡಿದು ಹೋಗಿ ನಿಂತರು. ಅವಳು ಬಂದಳು, ಉಳಿದಳು.

ಮರುದಿನ ಮುಖ್ಯಸ್ಥರು ನಮ್ಮಿಬ್ಬರನ್ನೂ ಕರೆದರು. ಫೋನ್ ಮಾಡಿಸಿದ್ದು ಅವರ ಕಿವಿಗೆ ಬಿದ್ದಿತ್ತು. ಪಟ್ಟಿ ಮಾಡಿದ್ದು ಯಾರೆಂದು ಮರಾಠಿಯಲ್ಲಿ ಕೇಳಿದರು. ಕ್ಲಾಸು ನನ್ನದು, ಜವಾಬ್ದಾರಿಯೂ ನನ್ನದೇ ಎಂದರು ಅಕ್ಕೋರು. ನನ್ನ ಸಹಿಯಿದ್ದ ವಹಿ ಅವರ ಚೀಲದಲ್ಲೇ ಇತ್ತು, ತೆಗೆಯಲಿಲ್ಲ. ನನಗೆ ಸರ್ಟಿಫಿಕೇಟಿನ ಚಿಂತೆ. ನೆಲದ ಫರಸಿ ನೋಡುತ್ತ ನಿಂತೆ. ಹೊರಬಂದ ಮೇಲೂ ಅವರು ನನ್ನನ್ನು ಬೈಯಲಿಲ್ಲ. ಬೈಯದೆ ಬಿಟ್ಟದ್ದು ಆ ದಿನ ಒಂದೇ.

ತಿಂಗಳ ಕೊನೆಗೆ ಅವರ ಕೆಲಸ ಕಾಯಂ ಆಗಲಿಲ್ಲ. ಧಾರವಾಡಕ್ಕೆ ಹೋದರಂತೆ. ಎರಡು ತಿಂಗಳ ಹಿಂದೆ ತೀರಿಕೊಂಡರೆಂದು ಹಳೆಯ ಗೆಳತಿ ಹೇಳಿದಳು. ಈ ಇಪ್ಪತ್ತು ವರ್ಷದಲ್ಲಿ ನಾನೊಮ್ಮೆಯೂ ಹೋಗಿ ಮಾತಾಡಿಸಲಿಲ್ಲ, ಯಾವ ಮುಖ ಹೊತ್ತು ಹೋಗಲಿ...

ಈಗ ನಾನೂ ಹುಡುಗರಿಗೆ ಅದೇ ವಿಷಯ ಕಲಿಸುತ್ತೇನೆ. ಅವತ್ತು ಬಾಯಿಬಿಟ್ಟಿದ್ದರೆ ಅಕ್ಕೋರ ಕೆಲಸ ಉಳಿಯುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಮುಖ ಕಾಣದ ಮೂವತ್ತೊಂದು ಮಂದಿಗೆ ತಪ್ಪು ನನ್ನದು ಅಂದಿದ್ದೆ. ಮುಖ್ಯಸ್ಥರ ಮುಂದೆ ಹೇಳು ಎಂದು ಅಕ್ಕೋರು ಅನ್ನಲಿಲ್ಲ. ನಾನಾಗಿ ಹೇಳಲಿಲ್ಲ.