ಪಾಪವಿಲ್ಲದ ಸಿನಿಮಾ

ನಾಳೆ ರಜೆ. ಕಾರ್ಖಾನೆಯಿಂದ ಬಂದವನೇ ಚಹಾ ಕುಡಿಯುತ್ತ ಮೊಬೈಲಿನಲ್ಲಿ ಸಿನಿಮಾಗಳ ಪಟ್ಟಿ ನೋಡುತ್ತ ಕುಳಿತಿದ್ದೇನೆ. ಒಂದೊಂದು ಪೋಸ್ಟರನ್ನೂ ಬೆರಳಿನಿಂದ ಹಿಗ್ಗಿಸಿ ಮೂಲೆ ಮೂಲೆ ಹುಡುಕುತ್ತೇನೆ. ನಾಯಕ ಯಾರು, ಎಷ್ಟು ಸ್ಟಾರ್ ಕೊಟ್ಟಿದ್ದಾರೆ ಎಂಬುದೆಲ್ಲ ನನಗೆ ಬೇಕಿಲ್ಲ. ಇದರಲ್ಲಿ ಎಳೆಗೂಸು ಇದೆಯೋ ಇಲ್ಲವೋ, ಅಷ್ಟೇ. ನಗಬೇಡಿ, ಕಾರಣ ಹೇಳುತ್ತೇನೆ.

ಆಗ ನಮಗೆ ಹೈದರಾಬಾದು ಹೊಸದು. ಕೊಪ್ಪಳದ ಕಡೆಯಿಂದ ಬಂದು ಬಾಲಾನಗರದಲ್ಲಿ ಕೆಲಸಕ್ಕೆ ಸೇರಿ ವರ್ಷ ತುಂಬಿತ್ತಷ್ಟೇ. ನನ್ನ ಹೆಂಡತಿ ಸುನಂದಾ ಹೆತ್ತ ಹೆಣ್ಣು ಕೂಸು ಒಂಬತ್ತು ದಿನ ಬದುಕಿತ್ತು. ಅದಾದ ಮೇಲೆ ಎರಡು ತಿಂಗಳು ಅವಳ ಬಾಯಲ್ಲಿ ‘ಹೂಂ’, ‘ಉಣ್ರಿ’ ಬಿಟ್ಟರೆ ಬೇರೆ ಮಾತಿಲ್ಲ. ನಾನೋ, ಧೈರ್ಯ ಹೇಳುವ ಗುತ್ತಿಗೆ ಹಿಡಿದವನಂತೆ ಎದೆ ಸೆಟೆಸಿ ಓಡಾಡುತ್ತಿದ್ದೆ. ಇವಳು ಹೀಗೇ ಉಳಿದುಬಿಟ್ಟರೆ ಏನು ಗತಿ ಎಂದು ಒಳಗೊಳಗೇ ಜೀವ ಪುಕುಪುಕು ಎನ್ನುತ್ತಿತ್ತು.

ವಾರದ ರಜೆಗೆ ಸಿನಿಮಾಕ್ಕೆ ಕರೆದೊಯ್ಯೋಣ, ಎರಡೂವರೆ ತಾಸು ಮರೆತು ಕೂತಾಳು ಅನ್ನಿಸಿತು. ಆದರೆ ಕೂಸಿಲ್ಲದ ಸಿನಿಮಾ ಬೇಕಲ್ಲ. ನೀವೇ ಹುಡುಕಿ ನೋಡಿ. ಒಂದರಲ್ಲಿ ತೊಟ್ಟಿಲ ಹಾಡು, ಇನ್ನೊಂದರಲ್ಲಿ ಹೆರಿಗೆ ಆಸ್ಪತ್ರೆ. ಹೊಡೆದಾಟದ ಸಿನಿಮಾದಲ್ಲೂ ಖಳನಾಯಕ ಮೊದಲು ಎತ್ತಿಕೊಂಡು ಹೋಗುವುದು ಕೂಸನ್ನೇ. ಕಾರಣ ಬಾಯಿಬಿಟ್ಟು ಯಾರಿಗೂ ಹೇಳುವ ಹಾಗಿಲ್ಲ. ನನ್ನ ಪಕ್ಕದ ಮೇಜಿನಲ್ಲಿ ಯಾದಗಿರಿ ಕೆಲಸ ಮಾಡುತ್ತಿದ್ದ. ಊರಲ್ಲ, ಮನುಷ್ಯ, ಇಲ್ಲಿ ಹಾಗೆ ಹೆಸರಿಡುತ್ತಾರೆ. ಬಂದ ಸಿನಿಮಾ ಒಂದನ್ನೂ ಬಿಡದ ಆಸಾಮಿ. ಹೊಸದೊಂದರ ಕಥೆ ಏನಪ್ಪಾ ಎಂದು ನನ್ನ ಅರೆಬರೆ ತೆಲುಗಿನಲ್ಲಿ ಕೇಳಿದೆ.

“ಕಥ ಮೊತ್ತಂ ಪಾಪ ಮೀದನೇ ನಡುಸ್ತದಿ, ಭಾಯ್” ಅಂದ.

ಮೊತ್ತಂ ಎಂದರೆ ಪೂರ್ತಿ, ಮೀದ ಎಂದರೆ ಮೇಲೆ. ಅಷ್ಟು ಕಲಿತಿದ್ದೆ. ಪಾಪ ನಮಗೆ ಗೊತ್ತಿದ್ದದ್ದೇ. ಯಾವನೋ ಪಾಪ ಮಾಡುತ್ತಾನೆ, ಇನ್ಯಾವನೋ ಅವನಿಗೆ ಒದೆಯುತ್ತಾನೆ. ಬಡಿದಾಡಿಕೊಳ್ಳಲಿ, ನಮ್ಮ ಗಂಟೇನು ಹೋಗುತ್ತದೆ ಎಂದು ಮಧ್ಯಾಹ್ನದ ಆಟಕ್ಕೆ ಟಿಕೆಟ್ ತೆಗೆಸಿದೆ.

ಲೈಟು ಆರಿ ಹತ್ತು ನಿಮಿಷ ಆಗಿರಲಿಲ್ಲ, ಪರದೆಯ ತುಂಬ ಹೆಣ್ಣು ಕೂಸು. ನಾಯಕ ಅದನ್ನು ಎದೆಗವಚಿಕೊಂಡು “ನಾ ಪಾಪ, ನಾ ಪಾಪ” ಎಂದು ಮುದ್ದಿಸಿದ. ನಾ ಎಂದರೆ ನನ್ನ. ಆಗ ಹೊಳೆಯಿತು, ಇವರಲ್ಲಿ ಹೆಣ್ಣು ಕೂಸೇ ಪಾಪ. ನಮ್ಮ ಪಾಪ ಬೇಕಾದರೆ ಕೊನೆಗೊಂದು ಸೊನ್ನೆ ಹಚ್ಚಿ ಪಾಪಂ ಅನ್ನಬೇಕು. ಒಂದು ಸೊನ್ನೆ ಅರಿಯದೆ ಹೆಂಡತಿಯನ್ನು ತಂದು ಇಲ್ಲಿ ಕೂರಿಸಿದ್ದೆ.

ಆಮೇಲೆ ನಾನು ಪರದೆ ನೋಡಲಿಲ್ಲ, ಅವಳನ್ನೇ ನೋಡಿದೆ. ಅವಳು ರೆಪ್ಪೆ ಬಡಿಯದೆ ಕುಳಿತಿದ್ದಳು. ಸಿನಿಮಾದ ಕೂಸಿಗೆ ಜ್ವರ ಬಂತು, ಆಸ್ಪತ್ರೆ ಬಂತು. ಸಾಯಬ್ಯಾಡವ್ವ ತಾಯಿ, ನಿನ್ನ ಕಾಲಿಗೆ ಬೀಳ್ತೀನಿ ಎಂದು ಮನಸ್ಸಿನಲ್ಲೇ ಆ ಕೂಸಿಗೆ ಬೇಡಿಕೊಂಡೆ. ಕಡೆಗೆ ತಡೆಯಲಾಗಲಿಲ್ಲ.

“ಏಳು, ಹೋಗೂಣು. ಸಿನಿಮಾ ಭಾಳ ಬ್ಯಾಸರ ಐತಿ” ಅಂದೆ.

“ಕುಂದರ್ರಿ.”

“ಇದರಾಗ ಕೂಸು ಐತಿ ಅಂತ ನನಗ ಗೊತ್ತಿರಲಿಲ್ಲ ಸುನಂದಾ.”

“ನನಗ ಗೊತ್ತಿತ್ತು. ಗೇಟಿನ ಮುಂದ ಅಷ್ಟು ದೊಡ್ಡ ಪೋಸ್ಟರ್ ಹಚ್ಯಾರ. ನೀವು ಗಾಡಿ ನಿಲ್ಲಸಾಕ ಹೋಗಿದ್ರಿ.”

“ಮತ್ತ ಒಳಗ ಯಾಕ ಬಂದಿ?”

ಅವಳು ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು: “ನೀವು ಒಂದು ಸಲನೂ ಅಳಲಿಲ್ರಿ. ಕತ್ತಲದಾಗರ ಅಳ್ತೀರೇನೋ ಅಂತ ಬಂದೆ.”

ಆ ಸಿನಿಮಾದ ಕೂಸು ಉಳಿಯಿತೋ ಇಲ್ಲವೋ ನನಗೆ ಇವತ್ತಿಗೂ ತಿಳಿಯದು. ಅವಳ ಸೆರಗು ನನ್ನ ಮುಖದ ಮೇಲಿತ್ತು. ಮುಂದಿನ ಸಾಲಿನವರು ತಿರುಗಿ ತಿರುಗಿ ನೋಡಿದರು, ನೋಡಲಿ ಬಿಡಿ. ಗಾಡಿಯ ಮೇಲೆ ಮನೆಗೆ ಬರುವಾಗ ಸುನಂದಾ ದಾರಿಯುದ್ದಕ್ಕೂ ನಮ್ಮ ಕೂಸಿನ ಕಿವಿ ಹೇಗಿತ್ತು, ಆಕಳಿಸಿದರೆ ಹೇಗೆ ಕಾಣುತ್ತಿತ್ತು ಎಂದು ಹೇಳುತ್ತಲೇ ಇದ್ದಳು. ನಾನು ಹೂಂಗುಟ್ಟಿದೆ.

ಅಷ್ಟಾದರೂ ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ನೋಡಿ. ಮರುದಿನದಿಂದ ಮತ್ತೆ ಗಟ್ಟಿಗನ ವೇಷ. ಕೂಸಿನ ಮಾತು ನಾನಾಗಿ ಒಮ್ಮೆಯೂ ಎತ್ತಲಿಲ್ಲ, ಕೂಸಿರುವ ಸಿನಿಮಾಕ್ಕೆ ಕರೆದೊಯ್ಯಲಿಲ್ಲ. ಅದನ್ನು ಅವಳ ಮೇಲಿನ ಕಾಳಜಿ ಅಂದುಕೊಂಡಿದ್ದೆ. ನಿಮಗೆ ಇಷ್ಟು ಹೇಳುವ ಹೊತ್ತಿಗೆ ಅನ್ನಿಸುತ್ತಿದೆ, ಅದು ನನ್ನ ಅಂಜಿಕೆ.

ಮೊಬೈಲು ಬದಿಗಿಟ್ಟೆ. ಸುನಂದಾ ಪಲ್ಯಕ್ಕೆ ಬದನೆಕಾಯಿ ಹೆಚ್ಚುತ್ತಿದ್ದಳು. “ನಮ್ಮ ಕೂಸು ಇದ್ದಿದ್ರ ಈಗ ಹನ್ನೊಂದು ವರ್ಷದಾಕಿ ಆಗಿರತಿದ್ಲಲ್ಲ” ಅಂದೆ.

ಅವಳ ಕೈ ನಿಂತಿತು. “ಹನ್ನೆರಡ್ರಿ. ಮನ್ನಿ ಶನಿವಾರಕ್ಕ ತುಂಬತಿದ್ವು.”

ಶನಿವಾರ ಮನೆಯಲ್ಲಿ ಹೋಳಿಗೆ ಮಾಡಿದ್ದಳು. ಯಾಕೆಂದು ಕೇಳದೆ ಎರಡು ಉಂಡು ಕೈ ತೊಳೆದಿದ್ದೆ.