ಕತ್ತರಿ ಕೆಳಗಿಟ್ಟ ಮಾಲೀಕ

ಆ ಬೀದಿಯ ಜನ ಅವನಿಗೆ ‘ಮಾಲೀಕ’ ಎಂದು ಹೆಸರಿಟ್ಟದ್ದು ಗೌರವಕ್ಕಲ್ಲ, ಗೇಲಿಗೆ. ವರ್ಷಗಟ್ಟಲೆ ನಿಂತ ಕಾಲಲ್ಲೇ ಅವರ ಕೂದಲು ಕತ್ತರಿಸಿದ ಕ್ಷೌರಿಕ ಒಂದು ದಿನ ಕತ್ತರಿ ಕೆಳಗಿಟ್ಟು, ಇಸ್ತ್ರಿ ಅಂಗಿ ತೊಟ್ಟು, ಗಲ್ಲಾಪೆಟ್ಟಿಗೆಯ ಹಿಂದೆ ಕೂತರೆ ಇನ್ನೇನು ಕರೆಯುತ್ತಾರೆ?

ಎಲ್ಲಾ ಆ ಭಾನುವಾರದ ಶಿಬಿರದಿಂದ ಆದದ್ದು. ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ ಕೋಟು ಹಾಕಿದವನೊಬ್ಬ ಮೈಕು ಹಿಡಿದು ಶ್ರೀಮಂತರಾಗುವ ದಾರಿ ಹೇಳಿಕೊಟ್ಟಿದ್ದ.

“ಕೈಯಲ್ಲಿ ದುಡಿಯೋನು ಸಾಯೋ ತನಕ ಕೂಲಿನೇ. ಬೇರೆಯವರ ಕೈ ನಿಮಗೋಸ್ಕರ ದುಡೀಬೇಕು. ಅದಕ್ಕೆ ಮೊದಲು ನಿಮ್ಮ ತಲೆ ಬದಲಾಗ್ಬೇಕು.”

ಬೀದಿಯವರ ತಲೆ ಬೋಳಿಸುವವನ ತಲೆಯನ್ನೇ ಅವನು ನುಣ್ಣಗೆ ಬೋಳಿಸಿದ. ಪೂರ್ತಿ ಸುಳ್ಳು ಹೇಳಿದನೆನ್ನಲಾಗದು. ಅವನಿಗೆ ದುಡ್ಡಿನ ವಿಷಯ ಗೊತ್ತಿತ್ತು, ಕ್ಷೌರದ ವಿಷಯ ಗೊತ್ತಿರಲಿಲ್ಲ, ಅಷ್ಟೆ.

ಮನೆಗೆ ಬಂದವನೇ ಮಾಲೀಕ ಹೆಂಡತಿಯ ಮುಂದೆ ಕೈ ಚಾಚಿ, “ಈ ಕೈನೇ ನೋಡು ನಮ್ಮನ್ನ ಬಡವರಾಗಿ ಇಟ್ಟಿರೋದು” ಎಂದ. ಕೆಲಸಕ್ಕೆ ಇಬ್ಬರನ್ನು ಇಟ್ಟುಕೊಂಡ.

ಕ್ಷೌರದಂಗಡಿಗೆ ಜನ ಬರುವುದು ಬೋರ್ಡು ನೋಡಿ ಅಲ್ಲ, ಕೈ ನೋಡಿ. ಸುಳಿ ಎಲ್ಲಿದೆ, ಕಿವಿಯ ಹಿಂದಿನ ಗಾಯದ ಕಲೆ ಎಲ್ಲಿದೆ ಎಂದು ಬಲ್ಲ ಕೈಗೆ ತಲೆ ಒಗ್ಗಿಬಿಡುತ್ತದೆ. ಆಮೇಲೆ ಆ ಕೈ ಹೋದ ಕಡೆಗೆ ತಲೆಯೂ ಹೋಗುತ್ತದೆ. ಇದೇನು ಅವನಿಗೆ ಗೊತ್ತಿಲ್ಲದ್ದಲ್ಲ. ಆದರೂ ತನ್ನ ಗಿರಾಕಿಗಳನ್ನೆಲ್ಲ ಕೆಲಸದವರ ಕೈಗೆ ಒಪ್ಪಿಸಿ, ಮೊಬೈಲಿನಲ್ಲಿ ಅದೇ ಕೋಟಿನವನ ಭಾಷಣ ಕೇಳುತ್ತ ಎರಡು ವರ್ಷ ಕಳೆದ. ಕೆಲಸದವರಲ್ಲಿ ಹಿರಿಯವನು ಎದುರು ಸಾಲಿನಲ್ಲಿ ಸ್ವಂತ ಅಂಗಡಿ ತೆರೆದಾಗ ಗಿರಾಕಿಗಳು ರಸ್ತೆ ದಾಟಿದರು. ಕಿರಿಯವನೂ ದಾಟಿದ.

ಮಾಲೀಕ ನೊಣ ಹೊಡೆಯುತ್ತ ಕೂತ. ಕೊನೆಗೆ ಕುರ್ಚಿ ಕನ್ನಡಿಗಳನ್ನೂ ಮಾರಿ ಅಂಗಡಿ ಬಿಡಬೇಕಾಯಿತು. ಹೆಂಡತಿ ಬೈಯಲಿಲ್ಲ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಒಂದು ಬೆಳಿಗ್ಗೆ ಅಡುಗೆಮನೆಯ ಖಾಲಿ ಡಬ್ಬಿಗಳನ್ನು ಅವನ ಮುಂದೆ ತಂದಿಟ್ಟು, “ಕೆಲಸ ಕೇಳ್ಕೊಂಡು ಹೋಗಿ. ಆ ಎದುರಿನ ಅಂಗಡಿಯವನ ಹತ್ರಾನೇ ಹೋಗಿ” ಎಂದಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ. ಆದರೂ ಹೋದ.

“ಬನ್ನಿ ಅಣ್ಣ,” ಎಂದ ಹಳೆಯ ಕೆಲಸದವ. “ಕೊನೇ ಕುರ್ಚಿ ಖಾಲಿ ಇದೆ. ಬಂದದ್ರಲ್ಲಿ ಅರ್ಧ ನಿಮಗೆ.”

ಆ ಕುರ್ಚಿಗೆ ಬಂದ ಮೊದಲ ಗಿರಾಕಿ ಪೋಸ್ಟ್‌ಮ್ಯಾನ್, ಹಿಂದೆ ಇವನ ಕೈಯಲ್ಲೇ ಗಡ್ಡ ಮಾಡಿಸಿಕೊಳ್ಳುತ್ತಿದ್ದವನು. ನೊರೆ ಹಚ್ಚುವವರೆಗೆ ಎಲ್ಲ ಸರಿಯಿತ್ತು. ಕತ್ತಿ ಎತ್ತಿದ್ದೇ ಕೈ ನಡುಗಿತು. ಪೋಸ್ಟ್‌ಮ್ಯಾನ್ ಅದನ್ನು ಕನ್ನಡಿಯಲ್ಲಿ ಕಂಡು ಮೆಲ್ಲಗೆ ಎದ್ದ.

“ಬೇಜಾರು ಮಾಡ್ಕೋಬೇಡ ಮಾಲೀಕ. ಅವನಿಗೆ ಬಿಡುವಾದ್ಮೇಲೆ ಮಾಡಿಸ್ಕೋತೀನಿ” ಎಂದು ನೊರೆ ಮೆತ್ತಿದ ಮುಖದಲ್ಲೇ ಬೆಂಚಿನ ಮೇಲೆ ಕೂತ.

ಅಂಗಡಿ ಹೋಗಿತ್ತು, ಈಗ ಕೈಯೂ ಹೋಯಿತು ಎಂದು ಮಾಲೀಕನಿಗೆ ಅಳು ಉಕ್ಕಿತು. ಕತ್ತಿ ಮಡಿಸಿಟ್ಟು ಬಾಗಿಲ ಕಡೆ ತಿರುಗಿದ.

ಹಳೆಯ ಕೆಲಸದವ ತನ್ನ ಗಿರಾಕಿಯನ್ನು ಅರ್ಧಕ್ಕೇ ಬಿಟ್ಟು ಬಂದು ಕೊನೆಯ ಕುರ್ಚಿಯಲ್ಲಿ ಕೂತ. ಬಟ್ಟೆಯನ್ನು ತಾನೇ ಕೊರಳಿಗೆ ಕಟ್ಟಿಕೊಂಡ.

“ಮೊದಲು ನಂಗೆ ಮಾಡಿ ಅಣ್ಣ. ಗೀರಿದ್ರೆ ಗೀರ್ಲಿ.”

ತಲೆಯನ್ನು ಹಿಂದಕ್ಕೆ ಒರಗಿಸಿ, ಗಂಟಲು ಒಡ್ಡಿ, ಕಣ್ಣು ಮುಚ್ಚಿದ. ಮಾಲೀಕ ವಾಪಸು ಬಂದು ಅವನ ಗಲ್ಲಕ್ಕೆ ನೊರೆ ಹಚ್ಚಿ, ನಡುಗುವ ಬಲಗೈಯನ್ನು ಎಡಗೈಯಲ್ಲಿ ಒತ್ತಿ ಹಿಡಿದ. ಆಮೇಲೆ ಕತ್ತಿ ಬಿಚ್ಚಿದ.